ಮುಂಗಡ ಪ್ರವೇಶವೋ, ಮಾಮೂಲು ದಾರಿಯೋ: ಅಮೆರಿಕದ ಮಧ್ಯಮ ಗಾತ್ರದ ವಿಶ್ವವಿದ್ಯಾಲಯಗಳಲ್ಲಿ ಆರೋಗ್ಯ ವೃತ್ತಿ ಓದಬಯಸುವವರಿಗೆ

ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಮುಗಿಸಿ, ನೀಟ್ ಬರೆದು, ಪರೀಕ್ಷಾ ಪ್ರಾಧಿಕಾರದ ಹಂಚಿಕೆಯಲ್ಲಿ ಸೀಟು ಪಡೆದ ಹುಡುಗಿ ಹದಿನೆಂಟಕ್ಕೇ ಎಂಬಿಬಿಎಸ್ ತರಗತಿಯಲ್ಲಿ ಕೂತಿರುತ್ತಾಳೆ. ಅಮೆರಿಕದಲ್ಲಿ ಅದೇ ವಯಸ್ಸಿನವಳು ಮೊದಲು ನಾಲ್ಕು ವರ್ಷದ ಬ್ಯಾಚುಲರ್ ಪದವಿ ಓದಬೇಕು. ನಡುವೆ, ವಿರಾಮಗಳೂ ಸೇರಿ ಏಳೂವರೆ ತಾಸು ಹಿಡಿಯುವ, ವೈದ್ಯಕೀಯ ಶಾಲೆಗಳ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಬರೆಯಬೇಕು. ಆಸ್ಪತ್ರೆಯಲ್ಲಿ ಸ್ವಯಂಸೇವೆ, ಪ್ರಯೋಗಾಲಯದಲ್ಲಿ ಸಂಶೋಧನೆ ಎಂದು ಓಡಾಡಿರಬೇಕು. ಆಮೇಲೆ ಹದಿನೈದಿಪ್ಪತ್ತು ವೈದ್ಯಕೀಯ ಶಾಲೆಗಳಿಗೆ ಅರ್ಜಿ ಹಾಕಿ ಸಂದರ್ಶನದ ಕರೆಗೆ ಕಾಯಬೇಕು. ಇಷ್ಟೆಲ್ಲ ಮಾಡಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ವರ್ಷ ಎಲ್ಲಿಯೂ ಪ್ರವೇಶ ಸಿಗುವುದಿಲ್ಲ.

ಈ ಕಾಯುವಿಕೆಯನ್ನು ಹೈಸ್ಕೂಲಿನ ಕೊನೆಯ ವರ್ಷದಲ್ಲೇ ಮುಗಿಸಿಕೊಡುತ್ತೇವೆ ಎನ್ನುವ ಮುಂಗಡ ಪ್ರವೇಶದ ಕೋರ್ಸುಗಳು ನಾವಿರುವ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿವೆ. ಊರಿನ ಪದ್ಧತಿಯಲ್ಲಿ ಬೆಳೆದ ನಮ್ಮಂಥ ಅಪ್ಪ ಅಮ್ಮಂದಿರಿಗೆ ಅವು ತಕ್ಷಣ ಹಿಡಿಸುತ್ತವೆ, ಏಕೆಂದರೆ ನಮಗೆ ಗೊತ್ತಿರುವ ಸೀಟು ಎಂಬ ಮಾತಿಗೆ ಅಮೆರಿಕದಲ್ಲಿ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ಆದರೆ ನಮ್ಮ ಮನೆಯಲ್ಲಿ ಎರಡು ಬಾರಿ, ಮೊದಲು ಅಣ್ಣನ ಮಗನಿಗೆ, ನಂತರ ನನ್ನ ಮಗಳಿಗೆ, ಈ ಅರ್ಜಿಗಳನ್ನು ತುಂಬಿಸಿದ ಮೇಲೆ ನನಗೆ ಮನದಟ್ಟಾದದ್ದೆಂದರೆ ಇದು ಸೀಟಲ್ಲ, ಷರತ್ತಿನ ಮೇಲಿನ ಮಾತು ಎಂಬುದು. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಬೆಳೆದ ಅಣ್ಣ ಅದನ್ನು ಒಂದೇ ಮಾತಿನಲ್ಲಿ ಹೇಳಿದ: ‘ಕಿಟಕಿಯಿಂದ ಟವೆಲ್ಲು ಹಾಕಿ ಹಿಡಿದ ಸೀಟು ಕಣೇ ಇದು. ನಾವು ಬಸ್ಸು ಹತ್ತಿ ಅಲ್ಲಿಗೆ ಹೋಗೋ ತನಕ ಟವೆಲ್ಲು ಅಲ್ಲೇ ಇರಬೇಕಲ್ಲ.’ ಯಾವ ವಿಶ್ವವಿದ್ಯಾಲಯದ ಟವೆಲ್ಲು ಎಷ್ಟು ಗಟ್ಟಿ, ಯಾವ ವೃತ್ತಿಗೆ ಟವೆಲ್ಲು ಹಾಕುವ ಅಗತ್ಯವೇ ಇಲ್ಲ ಎಂಬುದನ್ನು ಹೋಲಿಸಿ ನೋಡುವುದು ಈ ಬರಹದ ಉದ್ದೇಶ.

ಮೂರು ಬಗೆಯ ಬಾಗಿಲುಗಳು

ಒಂದೇ ಹೆಸರಿನಲ್ಲಿ ಕರೆಯಲಾಗುವ ಈ ಕೋರ್ಸುಗಳಲ್ಲಿ ವಾಸ್ತವವಾಗಿ ಮೂರು ಬಗೆಗಳಿವೆ. ಹೈಸ್ಕೂಲಿನಿಂದಲೇ ಬ್ಯಾಚುಲರ್ ಪದವಿಗೂ ವೈದ್ಯಕೀಯ, ದಂತವೈದ್ಯದಂಥ ವೃತ್ತಿ ಶಾಲೆಗೂ ಒಟ್ಟಿಗೆ ಪ್ರವೇಶ ಕೊಡುವುದು ಮೊದಲನೆಯದು. ಪದವಿಯ ಎರಡನೆಯ ವರ್ಷದಲ್ಲಿ, ಅಷ್ಟು ಹೊತ್ತಿಗೆ ಬಂದಿರುವ ಅಂಕಗಳನ್ನು ನೋಡಿ, ಮುಂದಿನ ವೈದ್ಯಕೀಯ ಸೀಟನ್ನು ಕಾಯ್ದಿರಿಸುವುದು ಎರಡನೆಯದು. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಶಾಲೆಯ ಫ್ಲೆಕ್ಸ್‌ಮೆಡ್ ಇದಕ್ಕೆ ಹೆಸರುವಾಸಿಯಾದ ಉದಾಹರಣೆ. ಮೂರನೆಯದಕ್ಕೆ ಹೆಸರು ಮಾತ್ರ ದೊಡ್ಡದು: ಪ್ರವೇಶದ ಭರವಸೆಯಿಲ್ಲ, ಸಂದರ್ಶನಕ್ಕೆ ಖಂಡಿತ ಕರೆಯುತ್ತೇವೆ ಎಂಬ ಭರವಸೆ ಅಷ್ಟೇ. ಕರಪತ್ರದಲ್ಲಿ ಈ ಮೂರೂ ಒಂದೇ ಬಣ್ಣದಲ್ಲಿ, ಒಂದೇ ಬಿಳಿ ಕೋಟಿನ ಚಿತ್ರದೊಡನೆ ಅಚ್ಚಾಗಿರುತ್ತವೆಯಾದ್ದರಿಂದ, ಓದುವಾಗ ಮೊದಲು ಹುಡುಕಬೇಕಾದದ್ದು ‘ಪ್ರವೇಶ’ ಎಂದು ಬರೆದಿದೆಯೋ ‘ಸಂದರ್ಶನ’ ಎಂದು ಬರೆದಿದೆಯೋ ಎಂಬುದನ್ನು.

ಐದರಿಂದ ಹದಿನೈದು ಸಾವಿರದಷ್ಟು ವಿದ್ಯಾರ್ಥಿಗಳಿರುವ ಮಧ್ಯಮ ಗಾತ್ರದ ವಿಶ್ವವಿದ್ಯಾಲಯಗಳಲ್ಲಿ ಈ ಕೋರ್ಸುಗಳು ಹೆಚ್ಚಾಗಿ ಕಾಣುವುದಕ್ಕೆ ಕಾರಣವಿದೆ. ದೊಡ್ಡ ಹೆಸರಿನ ಕಡೆಗೆ ಓಡುವ ಜಾಣ ವಿದ್ಯಾರ್ಥಿಯನ್ನು ತಡೆದು ನಿಲ್ಲಿಸಲು ಅವುಗಳ ಕೈಯಲ್ಲಿರುವ ಆಮಿಷ ಇದು. ಆಮಿಷ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ನಲವತ್ತು ಸಾವಿರ ವಿದ್ಯಾರ್ಥಿಗಳಿರುವ ಕಡೆ ಮೊದಲ ವರ್ಷದ ರಸಾಯನಶಾಸ್ತ್ರದ ತರಗತಿ ಸಿನಿಮಾ ಮಂದಿರದಂತಿರುತ್ತದೆ, ಶಿಫಾರಸು ಪತ್ರ ಬರೆಯುವ ಪ್ರಾಧ್ಯಾಪಕರಿಗೆ ಹುಡುಗನ ಮುಖ ಪರಿಚಯವಿರುವುದಿಲ್ಲ. ಮಧ್ಯಮ ಗಾತ್ರದ ಕಡೆ, ಅದರಲ್ಲೂ ದಂತವೈದ್ಯ, ಫಾರ್ಮಸಿ, ನರ್ಸಿಂಗ್ ಶಾಲೆಗಳನ್ನು ತಾನೇ ನಡೆಸುವ ವಿಶ್ವವಿದ್ಯಾಲಯದಲ್ಲಿ, ಮುಂದೆ ತನ್ನನ್ನು ಆಯ್ಕೆ ಮಾಡಬೇಕಾದವರ ಕಣ್ಣಿಗೆ ವಿದ್ಯಾರ್ಥಿ ಮೊದಲ ವರ್ಷದಿಂದಲೇ ಬೀಳುತ್ತಿರುತ್ತಾನೆ.

ಪತ್ರವನ್ನು ಓದುವುದು

ಅಣ್ಣನ ಮಗನಿಗೆ ಪ್ರವೇಶದ ಪತ್ರ ಬಂದ ದಿನ ಮನೆಯಲ್ಲಿ ಕೇಸರಿಬಾತು ಮಾಡಿ ಸಂಭ್ರಮಪಟ್ಟೆವೇ ಹೊರತು ಎರಡನೆಯ ಪುಟವನ್ನು ಯಾರೂ ಸರಿಯಾಗಿ ಓದಲಿಲ್ಲ. ಆ ಪುಟದಲ್ಲಿ ಹೀಗಿತ್ತು: ಪ್ರತಿ ವರ್ಷದ ಕೊನೆಗೆ ಒಟ್ಟು ಜಿಪಿಎ (4ಕ್ಕೆ ಲೆಕ್ಕ ಹಾಕುವ ದರ್ಜೆಗಳ ಸರಾಸರಿ) 3.5ಕ್ಕೆ ಕಡಿಮೆಯಿರಬಾರದು, ವಿಜ್ಞಾನ ವಿಷಯಗಳದ್ದನ್ನು ಬೇರೆಯಾಗಿ ಲೆಕ್ಕ ಹಾಕಿದಾಗಲೂ 3.5 ಇರಬೇಕು, ಅಗತ್ಯ ವಿಷಯಗಳಲ್ಲಿ ಯಾವುದರಲ್ಲೂ ಬಿ ದರ್ಜೆಗಿಂತ ಕೆಳಗೆ ಬರಬಾರದು, ಆ ವಿಷಯಗಳನ್ನೆಲ್ಲ ಅದೇ ವಿಶ್ವವಿದ್ಯಾಲಯದಲ್ಲೇ ಓದಬೇಕು, ಎಂಕ್ಯಾಟ್‌ನಲ್ಲಿ ಹಿಂದಿನ ವರ್ಷ ಸೇರಿದವರ ಸರಾಸರಿಯನ್ನು ಮುಟ್ಟಬೇಕು. ಎರಡನೆಯ ವರ್ಷದಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಭಾರ ಇಳಿಸಿಕೊಳ್ಳಲೆಂದು ಅದರ ಎರಡನೆಯ ಭಾಗವನ್ನು ಅವನು ಬೇಸಿಗೆಯಲ್ಲಿ ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಎ ದರ್ಜೆ ತಂದ. ದರ್ಜೆ ಎ ಆದರೂ ಷರತ್ತು ಮುರಿದಿತ್ತು. ‘ಅತ್ತೆ, ನಾನು ಚೆನ್ನಾಗಿ ಓದಿದ್ದಕ್ಕೇ ನನ್ನನ್ನ ತೆಗೆದುಹಾಕಿದರಾ?’ ಎಂದು ಅವನು ಫೋನಿನಲ್ಲಿ ಕೇಳಿದಾಗ ಹೇಳಲು ನನಗೆ ಮಾತಿರಲಿಲ್ಲ. ಸಲಹೆಗಾರರ ಕಚೇರಿ ಅವನ ಬೇಸಿಗೆಯ ಅರ್ಜಿಗೆ ಸಹಿ ಹಾಕಿತ್ತು, ಆದರೆ ವೈದ್ಯಕೀಯ ಶಾಲೆಯ ಕಚೇರಿ ಬೇರೆ, ಅದರ ನಿಯಮ ಬೇರೆ. ಮಾಮೂಲು ದಾರಿಯಲ್ಲಿ ಅರ್ಜಿ ಹಾಕಿ ಅವನು ಈಗ ಬೇರೊಂದು ರಾಜ್ಯದಲ್ಲಿ ವೈದ್ಯಕೀಯದ ಮೂರನೆಯ ವರ್ಷದಲ್ಲಿದ್ದಾನೆ ಎಂಬುದು ಬೇರೆ ಮಾತು.

ಮಗಳ ಸರದಿ ಬಂದಾಗ ನಾವು ಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಪೆನ್ಸಿಲಿನಿಂದ ಗೆರೆ ಎಳೆದೆವು. ಹಾಗೆ ಗೆರೆ ಎಳೆಯಬೇಕಾದ ಮೊದಲ ಜಾಗ ಎಂಕ್ಯಾಟ್‌ನದು. ಪರೀಕ್ಷೆಯೇ ಬೇಡ ಎನ್ನುವ ಕೋರ್ಸು, ಇಂತಿಷ್ಟು ಅಂಕ ಸಾಕು ಎನ್ನುವ ಕೋರ್ಸು, ಹಿಂದಿನ ವರ್ಷದ ಸರಾಸರಿ ಬೇಕು ಎನ್ನುವ ಕೋರ್ಸು, ಈ ಮೂರರ ನಡುವೆ ಹಗಲು ರಾತ್ರಿಯ ವ್ಯತ್ಯಾಸವಿದೆ. 528ಕ್ಕೆ ನಡೆಯುವ ಈ ಪರೀಕ್ಷೆಯಲ್ಲಿ ದೇಶದಾದ್ಯಂತ ವೈದ್ಯಕೀಯ ಶಾಲೆ ಸೇರುವವರ ಸರಾಸರಿಯೇ 511, 512ರ ಆಸುಪಾಸಿನಲ್ಲಿದೆ. ಸರಾಸರಿ ಬೇಕು ಎಂದು ಕೇಳುವ ಶಾಲೆ, ಮಾಮೂಲು ದಾರಿಯಲ್ಲಿ ಬಂದಿದ್ದರೂ ನಿನಗೆ ಸಿಗುತ್ತಿದ್ದ ಸೀಟನ್ನೇ ನಿನಗೆ ಕೊಡುತ್ತೇನೆ ಎಂದು ಹೇಳಿದ ಹಾಗಾಯಿತು. ಮೇಲಾಗಿ ಆ ಸರಾಸರಿ ವರ್ಷದಿಂದ ವರ್ಷಕ್ಕೆ ಏರಬಹುದು, ಹದಿನೇಳರಲ್ಲಿ ಸಹಿ ಹಾಕಿದವನಿಗೆ ಇಪ್ಪತ್ತರಲ್ಲಿ ಎಷ್ಟು ಅಂಕ ಬೇಕಾಗುತ್ತದೆ ಎಂದು ತಿಳಿದಿರುವುದಿಲ್ಲ.

ಎರಡನೆಯ ಗೆರೆ, ಷರತ್ತು ತಪ್ಪಿದಾಗ ಏನಾಗುತ್ತದೆ ಎಂಬಲ್ಲಿ. ಕೆಲವು ಕಡೆ ಒಂದು ಸೆಮಿಸ್ಟರ್ ಅವಕಾಶ ಕೊಟ್ಟು ಸರಿಪಡಿಸಿಕೊಳ್ಳಲು ಬಿಡುತ್ತಾರೆ, ಕೆಲವು ಕಡೆ ಅದೇ ದಿನ ಹೆಸರು ಹೊಡೆದು ಹಾಕುತ್ತಾರೆ. ಮೂರನೆಯದು, ಬೇರೆ ವೈದ್ಯಕೀಯ ಶಾಲೆಗಳಿಗೂ ಅರ್ಜಿ ಹಾಕಿ ನೋಡುವ ಸ್ವಾತಂತ್ರ್ಯ: ಹಾಕಿದ ತಕ್ಷಣ ಕಾಯ್ದಿರಿಸಿದ ಸೀಟು ಹೋಗುತ್ತದೆ ಎನ್ನುವ ಕೋರ್ಸುಗಳು ಹಲವು. ನಾಲ್ಕನೆಯದನ್ನು ಬಹುಪಾಲು ತಂದೆತಾಯಿಯರು ನೋಡುವುದೇ ಇಲ್ಲ. ಮೂರು ವರ್ಷ ಪದವಿ, ನಾಲ್ಕು ವರ್ಷ ವೃತ್ತಿ ಶಾಲೆ ಎಂದು ಜೋಡಿಸಿದ ಕೋರ್ಸುಗಳಲ್ಲಿ ಬ್ಯಾಚುಲರ್ ಪದವಿಯನ್ನು ಅನೇಕ ವೇಳೆ ವೃತ್ತಿ ಶಾಲೆಯ ಮೊದಲ ವರ್ಷ ಮುಗಿದ ಮೇಲೆಯೇ ಕೊಡುತ್ತಾರೆ. ಮೂರನೆಯ ವರ್ಷದ ಕೊನೆಗೆ ಮನಸ್ಸು ಬದಲಾಯಿಸಿದ ಹುಡುಗಿಯ ಕೈಯಲ್ಲಿ ಆಗ ಪದವಿಯೂ ಇರುವುದಿಲ್ಲ, ಸೀಟೂ ಇರುವುದಿಲ್ಲ. ಹೊರಗೆ ಬರುವ ಬಾಗಿಲು ಎಲ್ಲಿದೆ ಎಂದು ಒಳಗೆ ಹೋಗುವ ಮೊದಲೇ ಕೇಳಬೇಕು.

ಯಾವ ವೃತ್ತಿಗೆ ಮುಂಗಡ ಬೇಕು

ಮುಂಗಡ ಪ್ರವೇಶದ ಬೆಲೆ, ಮಾಮೂಲು ಬಾಗಿಲು ಎಷ್ಟು ಕಿರಿದಾಗಿದೆ ಎಂಬುದರ ಮೇಲೆ ನಿಂತಿದೆ. ಇದನ್ನು ಮರೆತರೆ ತೆರೆದ ಬಾಗಿಲಿಗೆ ಬೀಗದ ಕೈ ಕೊಂಡಂತಾಗುತ್ತದೆ.

ಫಾರ್ಮಸಿಯನ್ನೇ ತೆಗೆದುಕೊಳ್ಳಿ. ಇಪ್ಪತ್ತು ವರ್ಷದ ಹಿಂದೆ ಫಾರ್ಮ್‌ಡಿ ಸೀಟಿಗೆ ಭಾರಿ ನೂಕುನುಗ್ಗಲಿತ್ತು, ಹೈಸ್ಕೂಲಿನಿಂದಲೇ ಆರು ವರ್ಷದ ಕೋರ್ಸಿಗೆ ಸೇರಿಕೊಳ್ಳುವುದು ಜಾಣತನವಾಗಿತ್ತು. ಆಮೇಲೆ ಶಾಲೆಗಳ ಸಂಖ್ಯೆ 140ರ ಸಮೀಪಕ್ಕೆ ಏರಿತು, ಅರ್ಜಿದಾರರ ಸಂಖ್ಯೆ ಕಳೆದ ದಶಕದಲ್ಲಿ ಕುಸಿಯಿತು, ಪ್ರವೇಶ ಪರೀಕ್ಷೆಯಾಗಿದ್ದ ಪಿಕ್ಯಾಟ್ ಅನ್ನೇ 2024ರ ಜನವರಿಯ ನಂತರ ನಿಲ್ಲಿಸಲಾಯಿತು. ಇಂದು ಒಳ್ಳೆಯ ಅಂಕಗಳಿರುವ ವಿದ್ಯಾರ್ಥಿಗೆ ಎರಡು ಮೂರು ವರ್ಷ ಎಲ್ಲಾದರೂ ಓದಿ ಆಮೇಲೆ ಫಾರ್ಮಸಿ ಶಾಲೆ ಸೇರುವುದು ಕಷ್ಟವೇನಲ್ಲ. ಆದ್ದರಿಂದ ಇಲ್ಲಿ ಮುಂಗಡ ಪ್ರವೇಶದ ಲಾಭ ಸೀಟಿನ ಭದ್ರತೆಯಲ್ಲ, ಉಳಿಯುವ ಒಂದೆರಡು ವರ್ಷದ ಶುಲ್ಕ. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಕೆಲಸದ್ದು: ದೇಶದ ದೊಡ್ಡ ಔಷಧಿ ಅಂಗಡಿ ಸರಣಿಗಳಲ್ಲಿ ಒಂದಾಗಿದ್ದ ರೈಟ್ ಏಡ್ 2025ರಲ್ಲಿ ಕೊನೆಯ ಅಂಗಡಿಯನ್ನೂ ಮುಚ್ಚಿತು. ಆಸ್ಪತ್ರೆಯ ಫಾರ್ಮಸಿ, ಔಷಧ ಕಂಪನಿ, ವಿಮಾ ಸಂಸ್ಥೆಗಳ ಕಡೆಗೆ ತನ್ನ ಪದವೀಧರರನ್ನು ಕಳಿಸುವ ಶಾಲೆ ಯಾವುದು ಎಂದು ನೋಡಿ ಆರಿಸಬೇಕಾದ ಕಾಲ ಇದು.

ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸಿನದು ಇದಕ್ಕೆ ತದ್ವಿರುದ್ಧ. ಡಾಕ್ಟರ ಜೊತೆ ಸೇರಿ ರೋಗಿಗಳನ್ನು ನೋಡುವ, ಔಷಧಿ ಬರೆಯುವ ಈ ವೃತ್ತಿಯ ಹೆಸರು ಕೇಳಿದರೆ ನಮ್ಮ ಅಜ್ಜಿಯರಿಗೆ ಕಾಂಪೌಂಡರ್ ನೆನಪಾಗುತ್ತಾನೆ, ಆದರೆ ಇಲ್ಲಿ ಇದಕ್ಕೆ ಸ್ನಾತಕೋತ್ತರ ಪದವಿ ಬೇಕು, ಸಂಬಳ ಚೆನ್ನಾಗಿದೆ, ಬಾಗಿಲು ಬಹಳ ಕಿರಿದು. ಮಾಮೂಲು ದಾರಿಯಲ್ಲಿ ಬರುವವರನ್ನು ಅನೇಕ ಶಾಲೆಗಳು ನೂರಾರು, ಕೆಲವೊಮ್ಮೆ ಸಾವಿರ ಗಂಟೆಗಳಷ್ಟು ರೋಗಿಗಳ ಆರೈಕೆ ಮಾಡಿ ಬಾ ಎಂದು ಕೇಳುತ್ತವೆ. ಆ ಗಂಟೆಗಳಿಗಾಗಿ ಪದವಿ ಮುಗಿದ ಮೇಲೆ ಒಂದೆರಡು ವರ್ಷ ಆಂಬುಲೆನ್ಸಿನಲ್ಲೋ ನರ್ಸಿಂಗ್ ಹೋಮಿನಲ್ಲೋ ದುಡಿಯುವವರೇ ಹೆಚ್ಚು. ಪಿಟ್ಸ್‌ಬರ್ಗ್‌ನ ಡುಕೇನ್‌ನಂಥ ವಿಶ್ವವಿದ್ಯಾಲಯಗಳು ಹೈಸ್ಕೂಲಿನಿಂದಲೇ ತೆಗೆದುಕೊಳ್ಳುವ ಕೋರ್ಸಿನಲ್ಲಿ ಈ ಕಾಯುವಿಕೆ ತಪ್ಪುತ್ತದೆ. ನನ್ನನ್ನು ಕೇಳಿದರೆ ಮುಂಗಡ ಪ್ರವೇಶದಿಂದ ಅತಿ ಹೆಚ್ಚು ಲಾಭ ಇರುವುದು ಇಲ್ಲಿ, ವೈದ್ಯಕೀಯದಲ್ಲಲ್ಲ. ಒಂದೇ ಎಚ್ಚರಿಕೆ: ಈ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಬಿಗಿಯಾದದ್ದು, ಕೊರತೆ ಕಂಡ ಕೋರ್ಸುಗಳನ್ನು ಎಚ್ಚರಿಕೆಯ ಪಟ್ಟಿಗೆ (ಪ್ರೊಬೇಷನ್) ಹಾಕುವುದು ಅಪರೂಪವಲ್ಲ, ಆ ಪಟ್ಟಿ ಸಾರ್ವಜನಿಕವಾಗಿದೆ, ಅರ್ಜಿ ಹಾಕುವ ಮೊದಲು ನೋಡಲೇಬೇಕು.

ನರ್ಸಿಂಗ್‌ನಲ್ಲಿ ಪ್ರಶ್ನೆಯೇ ಬೇರೆ. ನೇರ ಪ್ರವೇಶ ಕೊಡದ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಮೊದಲ ಎರಡು ವರ್ಷ ‘ಪ್ರೀ-ನರ್ಸಿಂಗ್’ ಎಂದು ಓದಿ, ಅಲ್ಲಿಯೇ ಮತ್ತೊಮ್ಮೆ ಸ್ಪರ್ಧಿಸಿ ನರ್ಸಿಂಗ್ ಶಾಲೆಗೆ ಸೇರಬೇಕು. ಅಲ್ಲಿ ಸೀಟು ತಪ್ಪಿದರೆ ವಿಷಯ ಬದಲಾಯಿಸಬೇಕು ಇಲ್ಲವೇ ಬೇರೆ ಕಾಲೇಜು ಹುಡುಕಬೇಕು. ಆದ್ದರಿಂದ ನರ್ಸಿಂಗ್ ಬೇಕೆಂದು ಖಚಿತವಾಗಿರುವ ಹುಡುಗಿಗೆ ನೇರ ಪ್ರವೇಶವಿಲ್ಲದ ಜಾಗವನ್ನು ನಾನು ಎಂದೂ ಸೂಚಿಸುವುದಿಲ್ಲ. ನರ್ಸ್ ಪರವಾನಗಿಗಾಗಿ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿ ಆ ಶಾಲೆಯ ತೇರ್ಗಡೆಯ ಪ್ರಮಾಣವನ್ನೂ ಜೊತೆಗೇ ನೋಡಿದರೆ ಹೋಲಿಕೆ ಬಹುಪಾಲು ಮುಗಿಯಿತು. ಊರಲ್ಲಿ ಫಿಸಿಯೋಥೆರಪಿ ಎನ್ನುವುದಕ್ಕೆ ಇಲ್ಲಿ ಡಿಪಿಟಿ ಎಂಬ ಡಾಕ್ಟರೇಟ್ ಬೇಕು, ಅದಕ್ಕೂ ನೇರ ಪ್ರವೇಶದ ಕೋರ್ಸುಗಳಿವೆ. 1818ರಲ್ಲಿ ಆರಂಭವಾದ ಜೆಸ್ಯೂಟ್ ಸಂಸ್ಥೆ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿಯೂ, ಮಿಲ್ವಾಕಿಯ ಮಾರ್ಕೆಟ್ (Marquette) ವಿಶ್ವವಿದ್ಯಾಲಯದಲ್ಲಿಯೂ ಮೊದಲ ವರ್ಷದಿಂದಲೇ ಅದಕ್ಕೆ ಸೇರಬಹುದು.

ನಾಲ್ಕು ಊರುಗಳು

ವೈದ್ಯಕೀಯ ಮತ್ತು ದಂತವೈದ್ಯದ ಮಟ್ಟಿಗೆ ನಾಲ್ಕು ಮಧ್ಯಮ ಗಾತ್ರದ ವಿಶ್ವವಿದ್ಯಾಲಯಗಳನ್ನು ಅಕ್ಕಪಕ್ಕ ಇಟ್ಟರೆ ಸ್ವಭಾವಗಳ ವ್ಯತ್ಯಾಸ ಕಾಣುತ್ತದೆ.

ಕ್ಯಾನ್ಸಸ್ ಸಿಟಿಯಲ್ಲಿರುವ ಮಿಸ್ಸೌರಿ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 1971ರಿಂದ ಆರೇ ವರ್ಷದಲ್ಲಿ ಬ್ಯಾಚುಲರ್ ಪದವಿ ಮತ್ತು ಎಂಡಿ (ಅಮೆರಿಕದಲ್ಲಿ ಅದು ವೈದ್ಯರ ಮೊದಲ ಪದವಿ) ಎರಡನ್ನೂ ಕೊಡುತ್ತ ಬಂದಿದೆ. ನಮ್ಮ ಎಂಬಿಬಿಎಸ್‌ಗೆ ಅಮೆರಿಕದಲ್ಲಿ ಇದಕ್ಕಿಂತ ಸಮೀಪದ್ದು ಸಿಗಲಾರದು. ಅಲ್ಲಿನ ವಿಶೇಷ ಡೋಸೆಂಟ್ ಪದ್ಧತಿ: ಹತ್ತು ಹನ್ನೆರಡು ವಿದ್ಯಾರ್ಥಿಗಳ ಒಂದು ತಂಡಕ್ಕೆ ಒಬ್ಬ ಹಿರಿಯ ವೈದ್ಯರು, ಆ ತಂಡ ಮೂರನೆಯ ವರ್ಷದಿಂದ ಕೊನೆಯವರೆಗೂ ಅವರ ಕೈಕೆಳಗೇ ಇರುತ್ತದೆ, ಒಳರೋಗಿ ವಾರ್ಡಿಗೂ ಹೊರರೋಗಿ ಕ್ಲಿನಿಕ್ಕಿಗೂ ಅವರೊಡನೆ ಹೋಗುತ್ತದೆ. ಹೊಸಬರಿಗೆ ಅದೇ ತಂಡದ ಹಿರಿಯ ವಿದ್ಯಾರ್ಥಿಯೊಬ್ಬರು ಜೊತೆಯಾಗಿರುತ್ತಾರೆ, ಗುರುಕುಲದ ನೆರಳು ಅಲ್ಲಿದೆ. ಆದರೆ ಆರು ವರ್ಷ ಎಂದರೆ ಬೇಸಿಗೆ ರಜೆಯೇ ಇಲ್ಲದ ಓದು. ಇತಿಹಾಸದ ಒಂದು ತರಗತಿ, ಒಂದು ಸೆಮಿಸ್ಟರ್ ವಿದೇಶ, ಸುಮ್ಮನೆ ಅಲೆದಾಡುವ ಒಂದು ಬೇಸಿಗೆ, ಇವೆಲ್ಲಕ್ಕೂ ಅಲ್ಲಿ ಎಡೆ ಕಡಿಮೆ. ಸರ್ಕಾರಿ ವಿಶ್ವವಿದ್ಯಾಲಯವಾದ್ದರಿಂದ ರಾಜ್ಯದವರಿಗೊಂದು, ಸುತ್ತಲ ಪ್ರದೇಶದವರಿಗೊಂದು, ಹೊರಗಿನವರಿಗೊಂದು ಶುಲ್ಕವಿದೆ, ಹೊರಗಿನವರ ಶುಲ್ಕ ಮೊದಲ ವರ್ಷದಿಂದಲೇ ಭಾರ.

ನಾನಿರುವ ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ ಕೇಸ್ ವೆಸ್ಟರ್ನ್ ರಿಸರ್ವ್ ಇದೆ. ಹೈಸ್ಕೂಲಿನಿಂದಲೇ ಆಯ್ಕೆಯಾದವರಿಗೆ ತನ್ನ ವೈದ್ಯಕೀಯ ಶಾಲೆಯಲ್ಲೋ ದಂತವೈದ್ಯ ಶಾಲೆಯಲ್ಲೋ ಷರತ್ತಿನ ಪ್ರವೇಶ ಕೊಡುವ ಅದರ ಕೋರ್ಸಿನಲ್ಲಿ ಆತುರ ಕಡಿಮೆ: ವೈದ್ಯಕೀಯಕ್ಕೆ ಹೋಗುವವರು ನಾಲ್ಕು ವರ್ಷದ ಪದವಿಯನ್ನು ಪೂರ್ತಿ ಓದುತ್ತಾರೆ. 2019ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಜೊತೆ ಸೇರಿ ತೆರೆದ ಹೊಸ ಕಟ್ಟಡದಲ್ಲಿ ವೈದ್ಯಕೀಯ, ದಂತವೈದ್ಯ, ನರ್ಸಿಂಗ್ ವಿದ್ಯಾರ್ಥಿಗಳು ಒಂದೇ ಸೂರಿನಡಿ ಓದುತ್ತಾರೆ. ನನ್ನ ಕಣ್ಣಿಗೆ ಇದರ ದೊಡ್ಡ ಗುಣವೆಂದರೆ, ಹತ್ತೊಂಬತ್ತಕ್ಕೆ ಹುಡುಗನ ಮನಸ್ಸು ಎಂಜಿನಿಯರಿಂಗ್ ಕಡೆಗೋ ಅಂಕಿಅಂಶ ಶಾಸ್ತ್ರದ ಕಡೆಗೋ ತಿರುಗಿದರೂ ಅವನು ಒಳ್ಳೆಯ ಕಾಲೇಜಿನಲ್ಲೇ ಉಳಿದಿರುತ್ತಾನೆ. ಸೀಟು ಇಲ್ಲದೆಯೂ ಈ ಕಾಲೇಜಿಗೆ ಹೋಗುತ್ತಿದ್ದೆವೇ ಎಂದು ಕೇಳಿಕೊಂಡಾಗ ಹೌದು ಎನ್ನಬಹುದಾದ ಜಾಗಗಳನ್ನು ಮಾತ್ರ ಪಟ್ಟಿಯಲ್ಲಿ ಇಟ್ಟುಕೊಳ್ಳುವುದು ನನ್ನ ನಿಯಮ. ಆ ನಿಯಮದಲ್ಲಿ ಇದು ಸುಲಭವಾಗಿ ತೇರ್ಗಡೆಯಾಗುತ್ತದೆ.

ಪ್ರಾವಿಡೆನ್ಸ್‌ನ ಬ್ರೌನ್ ವಿಶ್ವವಿದ್ಯಾಲಯದ ಎಂಟು ವರ್ಷದ ಕೋರ್ಸು, ಐವಿ ಲೀಗ್ ಎಂಬ ಹಳೆಯ ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಗುಂಪಿನಲ್ಲಿರುವ ಈ ಬಗೆಯ ಒಂದೇ ಕೋರ್ಸು. ಎಂಕ್ಯಾಟ್ ಬೇಡ, ಪದವಿಯಲ್ಲಿ ಸಂಸ್ಕೃತವನ್ನೋ ಸಂಗೀತವನ್ನೋ ಮುಖ್ಯ ವಿಷಯವಾಗಿ ಓದಿದರೂ ಅಡ್ಡಿಯಿಲ್ಲ. ಷರತ್ತುಗಳ ದೃಷ್ಟಿಯಿಂದ ಇಷ್ಟು ಉದಾರವಾದದ್ದು ಇನ್ನೊಂದನ್ನು ಕಂಡಿಲ್ಲ. ಆದ್ದರಿಂದಲೇ ಅರ್ಜಿ ಹಾಕಿದ ನೂರರಲ್ಲಿ ಐದು ಮಂದಿಗೂ ಅದು ಸಿಗುವುದಿಲ್ಲ. ಅರ್ಜಿ ಹಾಕಿ ಮರೆತುಬಿಡಬೇಕು.

ದಂತವೈದ್ಯಕ್ಕೆ ಕ್ಯಾಲಿಫೋರ್ನಿಯಾದವರು ಮೊದಲು ನೋಡುವುದು ಯೂನಿವರ್ಸಿಟಿ ಆಫ್ ದಿ ಪೆಸಿಫಿಕ್ ಅನ್ನು. 1851ರಲ್ಲಿ, ಆ ರಾಜ್ಯದಲ್ಲಿ ಎಲ್ಲಕ್ಕಿಂತ ಮೊದಲು ಸನ್ನದು ಪಡೆದ ವಿಶ್ವವಿದ್ಯಾಲಯವಿದು. ಪದವಿ ಓದುವುದು ಸ್ಟಾಕ್ಟನ್‌ನಲ್ಲಿ, ದಂತವೈದ್ಯ ಓದುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಉಳಿದ ಕಡೆ ನಾಲ್ಕು ವರ್ಷ ಹಿಡಿಯುವ ದಂತವೈದ್ಯವನ್ನು ಇಲ್ಲಿ ರಜೆಯಿಲ್ಲದೆ ಮೂರು ವರ್ಷದಲ್ಲಿ ಮುಗಿಸುತ್ತಾರೆ. ಅದಕ್ಕೆ ಮೊದಲು ಎರಡು, ಮೂರು ಅಥವಾ ನಾಲ್ಕು ವರ್ಷದ ಪದವಿ ಓದನ್ನು ಆರಿಸಿಕೊಳ್ಳಬಹುದು, ಅಂದರೆ ಅತಿ ವೇಗದ ದಾರಿ ಹಿಡಿದವರು ಇಪ್ಪತ್ತಮೂರಕ್ಕೇ ದಂತವೈದ್ಯರಾಗುತ್ತಾರೆ. ಎರಡು ವರ್ಷದ್ದಕ್ಕಿಂತ ಮೂರು ವರ್ಷದ ದಾರಿಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಎರಡೇ ವರ್ಷದಲ್ಲಿ ಜೀವಶಾಸ್ತ್ರ, ಭೌತಶಾಸ್ತ್ರ, ಎರಡು ಬಗೆಯ ರಸಾಯನಶಾಸ್ತ್ರ ಎಲ್ಲವನ್ನೂ ತುರುಕಿಕೊಂಡು, ಅದರ ಮೇಲೆ ದಂತವೈದ್ಯದ ಪ್ರವೇಶ ಪರೀಕ್ಷೆಯಾದ ಡ್ಯಾಟ್‌ಗೂ ಸಿದ್ಧವಾಗುವಾಗ ಒಂದು ಸೆಮಿಸ್ಟರ್ ಎಡವಿದರೂ ಜಿಪಿಎ ಎತ್ತಲು ಸಮಯ ಉಳಿಯುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಹಿರಿಯರ ಬಾಯಲ್ಲಿ ಇಂದಿಗೂ ಕೇಳಿಬರುವ ನಾರ್ತ್‌ವೆಸ್ಟರ್ನ್‌ನ ವೈದ್ಯಕೀಯ ಕೋರ್ಸು 1961ರಲ್ಲಿ ಶುರುವಾಗಿ ಅರ್ಧ ಶತಮಾನಕ್ಕೂ ಹೆಚ್ಚು ನಡೆದು ಈಗ ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ. ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ ಸಿಕ್ಕ ಪಟ್ಟಿಯನ್ನು ನಂಬದೆ, ಆ ವರ್ಷದ ಪ್ರವೇಶ ಪುಟವನ್ನು ತೆರೆದು ನೋಡಬೇಕು.

ಹಣ ಮತ್ತು ವೀಸಾ

ಈ ಎರಡು ವಿಷಯಗಳಲ್ಲಿ ತಪ್ಪಿದರೆ ಉಳಿದ ಹೋಲಿಕೆಯೆಲ್ಲ ವ್ಯರ್ಥ. 2025ರ ಜುಲೈನಲ್ಲಿ ಬಂದ ಕೇಂದ್ರ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ, ಓದಿನ ಪೂರ್ತಿ ಖರ್ಚನ್ನು ತುಂಬುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲ ಸಿಗುವುದಿಲ್ಲ. ವೈದ್ಯಕೀಯ, ದಂತವೈದ್ಯ, ಫಾರ್ಮಸಿಯಂಥ ವೃತ್ತಿ ಪದವಿಗಳಿಗೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್ ಮಿತಿ; ಉಳಿದ ಸ್ನಾತಕೋತ್ತರ ಓದಿಗೆ ವರ್ಷಕ್ಕೆ 20,500, ಒಟ್ಟು 1 ಲಕ್ಷ. ತಂದೆತಾಯಿ ಪಡೆಯುವ ಸಾಲಕ್ಕೂ ಒಂದು ಮಗುವಿಗೆ 65 ಸಾವಿರದ ಮಿತಿ ಬಂದಿದೆ. ಖಾಸಗಿ ದಂತವೈದ್ಯ ಶಾಲೆಗಳಲ್ಲಿ ಹಲವು ವರ್ಷಕ್ಕೆ ಲಕ್ಷ ಡಾಲರ್ ದಾಟುತ್ತವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ವರ್ಷ ಉಳಿಸುವ ಕೋರ್ಸಿನಲ್ಲಿ ಇನ್ನೊಂದು ತೊಡಕಿದೆ: ವರ್ಷಕ್ಕೆ 50 ಸಾವಿರದ ಮಿತಿಯಿರುವಾಗ ಮೂರೇ ವರ್ಷದ ಓದಿಗೆ 2 ಲಕ್ಷವೂ ಸಿಗುತ್ತದೆಯೇ, ಅಥವಾ ಒಂದೂವರೆ ಲಕ್ಷಕ್ಕೇ ನಿಲ್ಲುತ್ತದೆಯೇ ಎಂದು ಆ ಶಾಲೆಯ ಹಣಕಾಸು ನೆರವಿನ ಕಚೇರಿಯನ್ನೇ ಕೇಳಬೇಕು. ಪದವಿಯ ಹಂತದಲ್ಲಿ ಕೊಡುವ ಪ್ರತಿಭಾ ವಿದ್ಯಾರ್ಥಿವೇತನ ವೃತ್ತಿ ಶಾಲೆಗೆ ಕಾಲಿಟ್ಟ ದಿನ ನಿಲ್ಲುವುದೇ ಸಾಮಾನ್ಯ. ಮೂರು ವರ್ಷದ ಪದವಿ ಆರಿಸಿಕೊಂಡವರು ನಾಲ್ಕನೆಯ ವರ್ಷದ ವೇತನವನ್ನು ಬಿಟ್ಟುಕೊಟ್ಟಂತೆಯೇ.

ವೀಸಾದ ಮಾತು ನಮ್ಮವರಿಗೆ ಇನ್ನೂ ಹತ್ತಿರದ್ದು. ಎಚ್-1ಬಿ ಮೇಲಿರುವ, ಗ್ರೀನ್ ಕಾರ್ಡಿನ ಸರದಿಯಲ್ಲಿ ದಶಕಗಟ್ಟಲೆ ಕಾಯುತ್ತಿರುವ ಕುಟುಂಬದ ಮಗು ಇಪ್ಪತ್ತೊಂದು ತುಂಬಿದ ದಿನ ಅವಲಂಬಿತರ ವೀಸಾ ಆದ ಎಚ್-4 ಕಳೆದುಕೊಳ್ಳುತ್ತದೆ. ಏಳೆಂಟು ವರ್ಷದ ಕೋರ್ಸಿನ ಮೂರನೆಯ ವರ್ಷದಲ್ಲೇ ಆ ಹುಟ್ಟುಹಬ್ಬ ಬರುತ್ತದೆ, ಅಲ್ಲಿಂದ ಮುಂದೆ ಎಫ್-1 ವೀಸಾದ ವಿದೇಶಿ ವಿದ್ಯಾರ್ಥಿ. ಈ ಮುಂಗಡ ಕೋರ್ಸುಗಳಲ್ಲಿ ಅನೇಕವು ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ ಮೀಸಲು. ತೆಗೆದುಕೊಳ್ಳುವ ವೈದ್ಯಕೀಯ ಶಾಲೆಗಳಲ್ಲೂ ಕೆಲವು, ನಾಲ್ಕು ವರ್ಷದ ಶುಲ್ಕವನ್ನು ಮುಂಚಿತವಾಗಿ ಠೇವಣಿ ಇಡಿ ಎನ್ನುತ್ತವೆ. ಕೇಂದ್ರದ ಸಾಲ ಎಚ್-4 ಮಕ್ಕಳಿಗೂ ಇಲ್ಲ, ಎಫ್-1 ಮಕ್ಕಳಿಗೂ ಇಲ್ಲ. ಸೇರುವ ದಿನದ ಸ್ಥಿತಿಯನ್ನು ನೋಡುತ್ತಾರೋ ವೃತ್ತಿ ಶಾಲೆಗೆ ಹೋಗುವ ದಿನದ ಸ್ಥಿತಿಯನ್ನೋ ಎಂಬ ಒಂದು ಪ್ರಶ್ನೆಯಿಂದ ನಮಗೆ ಗೊತ್ತಿರುವ ಒಂದು ಮನೆಯವರ ಪಟ್ಟಿ ಹನ್ನೊಂದರಿಂದ ಮೂರಕ್ಕೆ ಇಳಿಯಿತು.

ಅರ್ಜಿಯ ತಿಂಗಳುಗಳು

ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ, ಹಣಕಾಸು ನೆರವಿನ ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ. ಮುಂಗಡ ಕೋರ್ಸುಗಳ ಕೊನೆಯ ದಿನ ಬಹಳಷ್ಟು ಕಡೆ ನವೆಂಬರ್ ಮೊದಲ ದಿನವೇ ಬರುತ್ತದೆಯಾದ್ದರಿಂದ ವಿಶ್ವವಿದ್ಯಾಲಯದ ಮಾಮೂಲು ಗಡುವನ್ನು ನೆಚ್ಚಿ ಕೂರುವಂತಿಲ್ಲ. ಒಪ್ಪಿಗೆ ಸಿಕ್ಕರೆ ಬರಲೇಬೇಕು ಎಂಬ ಕಟ್ಟುಪಾಡಿನ ಅರ್ಜಿಯನ್ನು ಈ ಕೋರ್ಸುಗಳ ಜೊತೆ ಜೋಡಿಸುವಾಗ ಜಾಗ್ರತೆ ಬೇಕು: ವಿಶ್ವವಿದ್ಯಾಲಯ ಒಪ್ಪಿ ಕೋರ್ಸು ಒಪ್ಪದಿದ್ದರೆ ಆ ಕಟ್ಟುಪಾಡು ಉಳಿಯುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಬೇಕು.

ಪ್ರಬಂಧದ ಬಗ್ಗೆ ಒಂದೇ ಮಾತು. ಅಜ್ಜ ಆಸ್ಪತ್ರೆಯಲ್ಲಿದ್ದಾಗ ನಾನು ಡಾಕ್ಟರಾಗಬೇಕೆಂದು ನಿರ್ಧರಿಸಿದೆ ಎಂಬ ಕಥೆಯನ್ನು ಆಯ್ಕೆ ಸಮಿತಿಯವರು ಸಾಕುಸಾಕೆನ್ನುವಷ್ಟು ಓದಿರುತ್ತಾರೆ. ಮಗಳು ಬರೆದದ್ದು, ಶನಿವಾರಗಳಂದು ಊರಿನ ಉಚಿತ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ರೋಗಿಗಳ ಹೆಸರು ಬರೆದುಕೊಳ್ಳುವಾಗ ಪರಿಚಯವಾದ, ರಕ್ತದೊತ್ತಡದ ಮಾತ್ರೆ ಮುಗಿದು ಮೂರು ವಾರವಾದರೂ ಬಸ್ಸಿನ ವೇಳೆ ಹೊಂದದೆ ಬರಲಾಗದ ಒಬ್ಬ ವೃದ್ಧೆಯ ಬಗ್ಗೆ. ಸಂದರ್ಶನದಲ್ಲಿ ಅವಳನ್ನು ಅರ್ಧ ಗಂಟೆ ಕೇಳಿದ್ದು ಆ ಬಸ್ಸಿನ ಬಗ್ಗೆಯೇ. ಡಾಕ್ಟರಾಗದಿದ್ದರೆ ಏನಾಗುತ್ತೀಯ ಎಂಬ ಪ್ರಶ್ನೆಯೂ ಬರುತ್ತದೆ, ಅದಕ್ಕೆ ‘ಬೇರೇನೂ ಯೋಚಿಸಿಲ್ಲ’ ಎಂಬ ಉತ್ತರ ನಿಷ್ಠೆಯಂತೆ ಕಾಣುವುದಿಲ್ಲ, ಯೋಚಿಸಿಲ್ಲ ಎಂದೇ ಕಾಣುತ್ತದೆ.

ಉತ್ತರಗಳೆಲ್ಲ ಬಂದ ಮೇಲೆ ಮೇ 1ರೊಳಗೆ ಠೇವಣಿ ಕಟ್ಟಬೇಕು. ಅದಕ್ಕೆ ಮೊದಲು ಎಂಕ್ಯಾಟ್, ಬೇಸಿಗೆ ಕೋರ್ಸು, ಪದವಿ ಕೈಗೆ ಬರುವ ದಿನ, ಷರತ್ತು ತಪ್ಪಿದರೆ ಸಿಗುವ ಅವಕಾಶ, ಹೊರಗೆ ಅರ್ಜಿ ಹಾಕುವ ಸ್ವಾತಂತ್ರ್ಯ, ಈ ಐದು ಪ್ರಶ್ನೆಗಳನ್ನು ಕೋರ್ಸಿನ ನಿರ್ದೇಶಕರಿಗೂ ವೃತ್ತಿ ಶಾಲೆಯ ಪ್ರವೇಶ ಕಚೇರಿಗೂ ಒಂದೇ ಈಮೇಲಿನಲ್ಲಿ ಕಳಿಸಿ, ಇಬ್ಬರ ಉತ್ತರವೂ ಒಂದೇ ಆಗಿದೆಯೇ ಎಂದು ನೋಡಬೇಕು. ಅಣ್ಣನ ಮಗನ ವಿಷಯದಲ್ಲಿ ತಪ್ಪಿದ್ದು ಆ ಎರಡು ಕಚೇರಿಗಳ ನಡುವೆಯೇ. ಮಗಳ ಕೈಯಲ್ಲಿ ಮೂರು ಪತ್ರಗಳಿದ್ದವು. ಎರಡು ಕಡೆಯವರು ವಾರದೊಳಗೆ ಬರೆದು ತಿಳಿಸಿದರು. ಮೂರನೆಯವರು ಫೋನ್ ಮಾಡಿ, ಚಿಂತೆ ಬೇಡ, ಎಲ್ಲ ಸರಿಹೋಗುತ್ತದೆ ಎಂದು ಬಹಳ ಪ್ರೀತಿಯಿಂದ ಮಾತಾಡಿದರು. ಅದನ್ನೇ ಬರೆದು ಕಳಿಸಿ ಎಂದು ಕೇಳಿದ ಮೇಲೆ ಅವರಿಂದ ಸುದ್ದಿಯಿಲ್ಲ. ಏಪ್ರಿಲ್ 28ರ ರಾತ್ರಿ ಮಗಳು ಪೆನ್ಸಿಲು ತೆಗೆದುಕೊಂಡು ಆ ಹೆಸರಿನ ಮೇಲೆ ಗೆರೆ ಎಳೆದಳು.